ಇಂದಿನ ಧಮ್ಮಚಿಂತನೆ: ಯಾರಿಗೆ ಕೃತಜ್ಞರಾಗಿರಬೇಕು?





ಇವತ್ತು ಡಿಸೆಂಬರ್ 31. ಬೆಳಿಗ್ಗೆಯಿಂದ ನಿಮ್ಮ ಫೋನಿಗೂ ನನ್ನ ಫೋನಿಗೂ ಒಂದೇ ಥರದ ಮೆಸೇಜುಗಳು ಬರುತ್ತಿರಬೇಕು. ಸೂರ್ಯೋದಯದ ಚಿತ್ರ, ಎರಡು ಗುಲಾಬಿ, ಕೆಳಗೆ "ಕಷ್ಟ ಕೊಟ್ಟ ವರ್ಷಕ್ಕೂ ಧನ್ಯವಾದ, ಆಗುವುದೆಲ್ಲ ಒಳ್ಳೆಯದಕ್ಕೆ". ನಾನೂ ಅಂಥದ್ದೇ ಒಂದು ಬರೆಯೋಣವೆಂದು ಕೂತಿದ್ದೆ. ಕಳೆದ ಭಾನುವಾರ ನಮ್ಮ ಬಳಗದ ಅಕ್ಕ ಒಬ್ಬರು ಕೇಳಿದ ಪ್ರಶ್ನೆ ಬರೆಯಲು ಬಿಡಲಿಲ್ಲ.

ಯಲಹಂಕದ ಮನೆಯ ಮಹಡಿ ಮೇಲೆ ಎಂದಿನಂತೆ ಸೇರಿದ್ದೆವು. ತ್ರಿಸರಣ, ಪಂಚಶೀಲ ಆದ ಮೇಲೆ ಮಂಗಲ ಸುತ್ತದ ಮೇಲೆ ಮಾತು. ಅದರಲ್ಲಿ ಮಂಗಲಗಳ ಸಾಲಿನಲ್ಲಿ ಕತಞ್ಞುತಾ, ಅಂದರೆ ಕೃತಜ್ಞತೆಯೂ ಒಂದು. ವರ್ಷದ ಕೊನೆ ಅಲ್ಲವೇ, ಈ ವರ್ಷ ಯಾರಿಗೆ ಕೃತಜ್ಞರು ಎಂದು ಒಬ್ಬೊಬ್ಬರೇ ಹೇಳೋಣ ಎಂದುಕೊಂಡೆವು. ನಾನೂ ಹೇಳಿದೆ. ಅಕ್ಕನ ಸರದಿ ಬಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಬ್ಬಾಳದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರು ಹೌಸ್‌ಕೀಪಿಂಗ್ ಮಾಡುತ್ತಾರೆ. ಆಗಸ್ಟ್‌ನಲ್ಲಿ ಯಜಮಾನರು ತೀರಿಕೊಂಡರು. ಆಮೇಲೆ ಹೇಳಿದರು:

"ನಂಗೆ ಈ ಮಾತು ಬರಲ್ಲ ಅಣ್ಣಾ. ನಮ್ಮಪ್ಪ ಗೌಡ್ರ ಮನೆ ಮುಂದೆ ಟವಲ್ ಕಂಕುಳಲ್ಲಿ ಇಟ್ಕೊಂಡು ನಿಂತ್ಕೋತಿದ್ರು. ಎರಡು ಸೇರು ರಾಗಿ ಕೊಟ್ರೆ 'ನಿಮ್ಮ ಋಣದಲ್ಲಿದೀನಿ ಬುದ್ದೀ' ಅಂತಿದ್ರು. ಮೊನ್ನೆ ಕ್ರಿಸ್‌ಮಸ್‌ಗೆ ನಮ್ಗೆಲ್ಲ ಒಂದೊಂದು ಸ್ವೀಟ್ ಬಾಕ್ಸ್ ಕೊಟ್ಟು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದ್ರು. ನಗ್ರಮ್ಮಾ ಅಂದ್ರು. ಎರಡು ತಿಂಗಳ ಸಂಬಳ ಇನ್ನೂ ಬಂದಿಲ್ಲ. ಇದಕ್ಕೂ ಕೃತಜ್ಞತೆ ಅಂತಾರಾ?"

ಯಾರೂ ಉತ್ತರ ಹೇಳಲಿಲ್ಲ. ಯಾರೋ ಟೀ ತರಲು ಎದ್ದರು. ಇಂಥ ಹೊತ್ತಿನಲ್ಲಿ ಟೀ ತರಲು ಏಳುವವರು ಪ್ರತಿ ಬಳಗದಲ್ಲೂ ಒಬ್ಬರಿರುತ್ತಾರೆ.

ಮೊದಲು ಆ ಗುಲಾಬಿ ಮೆಸೇಜಿನ ವಿಷಯ ಮುಗಿಸಿಬಿಡುತ್ತೇನೆ. ಕಷ್ಟಕ್ಕೇ ಧನ್ಯವಾದ ಹೇಳು ಎಂದು ಬುದ್ಧ ಎಲ್ಲೂ ಹೇಳಲಿಲ್ಲ. ದುಃಖವಿದೆ ಎಂದ, ಅದಕ್ಕೆ ಕಾರಣವಿದೆ ಎಂದ, ಕಾರಣ ತೆಗೆದರೆ ದುಃಖ ಹೋಗುತ್ತದೆ ಎಂದ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಿಂದಿನ ಜನ್ಮದ ಕರ್ಮ ಎಂಬ ಸಿದ್ಧಾಂತದಿಂದ ಲಾಭ ಯಾರಿಗೆ ಎಂದು ಕೇಳುತ್ತಾರೆ. ಬಡವರ ಸ್ಥಿತಿಗೆ ನಾವು ಹೊಣೆಯಲ್ಲ ಎಂದು ಸರ್ಕಾರವೂ ಸಮಾಜವೂ ಕೈ ತೊಳೆದುಕೊಳ್ಳಲು ಅದು ಅನುಕೂಲ ಎಂಬುದು ಅವರ ಉತ್ತರ. ಅಕ್ಕನ ಎರಡು ತಿಂಗಳ ಸಂಬಳ ನಿಂತಿರುವುದು ಗುತ್ತಿಗೆದಾರನಿಂದ. ಗ್ರಹಚಾರವನ್ನು ಅದರ ಮಧ್ಯೆ ತರುವುದು ಬೇಡ.

ಆದರೆ ಅಕ್ಕನ ಪ್ರಶ್ನೆ ಇದಕ್ಕಿಂತ ಆಳದ್ದು. ನಮ್ಮ ಹಿರಿಯರಿಗೆ ಕೃತಜ್ಞತೆ ಎಂಬ ಹೆಸರಿನಲ್ಲಿ ಕಲಿಸಿದ್ದು ಋಣವನ್ನು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಜಂತೆಯ ಮರ ಕಡಿದು ಹೆಗಲ ಮೇಲೆ ಹೊತ್ತು ತಂದವರು ಯಾರು? ನಮ್ಮ ತಾತಂದಿರು. ಅವರು ಆ ಮನೆಯ ಒಳಗೆ ಕೂತು ಉಂಡಿದ್ದೇ ಇಲ್ಲ, ಹಿತ್ತಲಲ್ಲಿ ಉಂಡರು. ಆದರೂ ಎಣಿಸಬಾರದು ಎಂಬ ಬುದ್ಧಿಮಾತು ಅವರಿಗೇ. ಕಾನೂನಿನಲ್ಲಿ ಜೀತ ರದ್ದಾದದ್ದು 1976ರಲ್ಲಿ. ಅದಕ್ಕೂ ಮೊದಲು ಎಷ್ಟು ತಲೆಮಾರು ಮಾಡಿದ ಕೆಲಸಕ್ಕೆ ಕೂಲಿಯ ಬದಲು ಋಣ ಪಡೆದವು!

ಬಾಬಾಸಾಹೇಬರಿಗೆ ಈ ಅಪಾಯ ಚೆನ್ನಾಗಿ ಗೊತ್ತಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಅವರು ಕೃತಜ್ಞತೆಯ ಬಗ್ಗೆಯೇ ಮಾತಾಡಿದರು. ನಾಡಿಗೆ ಜೀವಮಾನವಿಡೀ ದುಡಿದವರಿಗೆ ಕೃತಜ್ಞರಾಗಿರುವುದು ತಪ್ಪಲ್ಲ, ಆದರೆ ಅದಕ್ಕೊಂದು ಮಿತಿ ಇದೆ ಎಂದರು. ಐರ್ಲೆಂಡಿನ ಡೇನಿಯಲ್ ಓಕಾನೆಲ್ ಅವರ ಮಾತನ್ನು ನೆನಪಿಸಿ, ಮಾನವನ್ನು ಬೆಲೆಯಾಗಿ ಕೊಟ್ಟು ಯಾರೂ ಕೃತಜ್ಞರಾಗಲಾರರು ಎಂದರು. ಅಕ್ಕನ ತಂದೆ ಕಂಕುಳಲ್ಲಿ ಇಟ್ಟುಕೊಂಡದ್ದು ಟವಲ್ ಮಾತ್ರ ಅಲ್ಲ, ಮಾನವೂ ಅಲ್ಲೇ ಮಡಚಿಕೊಂಡು ಕೂತಿತ್ತು. ಫೋಟೋಗೆ ನಗು ಅಂದಾಗ ಅಕ್ಕನಿಗೆ ಉರಿದದ್ದು ಅದೇ ಜಾಗ.

ಹಾಗಾದರೆ ಕೃತಜ್ಞತೆಯನ್ನೇ ಬಿಟ್ಟುಬಿಡೋಣವೇ? ಆ ರಾತ್ರಿ ಮನೆಗೆ ಬಂದು ಪಾಳಿ ಪದವನ್ನೇ ಬಿಡಿಸಿ ನೋಡಿದೆ. ಕತ ಎಂದರೆ ಮಾಡಿದ್ದು. ಕತಞ್ಞೂ ಎಂದರೆ ಮಾಡಿದ್ದನ್ನು ಅರಿತವನು. ಅದರ ಜೊತೆಗೇ ಬರುವ ಇನ್ನೊಂದು ಪದ ಕತವೇದೀ, ಅರಿತದ್ದನ್ನು ತಿಳಿಯಪಡಿಸುವವನು. ಇದರಲ್ಲಿ ಸಾಲ ಇಲ್ಲ, ಬಡ್ಡಿ ಇಲ್ಲ, ಬಾಗಿಲ ಮುಂದೆ ನಿಲ್ಲುವುದಿಲ್ಲ. ಯಾರು ಏನು ಮಾಡಿದರು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು, ತಿಳಿದದ್ದನ್ನು ಹೇಳುವುದು, ಇಷ್ಟೇ. ಅಂಗುತ್ತರ ನಿಕಾಯದಲ್ಲಿ ಭಗವಾನರು ಲೋಕದಲ್ಲಿ ಅಪರೂಪವಾದ ಇಬ್ಬರನ್ನು ಹೇಳುತ್ತಾರೆ. ಒಬ್ಬರು ಪುಬ್ಬಕಾರೀ, ಯಾರೂ ಕೇಳುವ ಮೊದಲೇ ಉಪಕಾರ ಮಾಡುವವರು. ಇನ್ನೊಬ್ಬರು ಅದನ್ನು ಅರಿತು ಹೇಳುವವರು. ಸರಿಯಾಗಿ ತಿಳಿಯಬೇಕಾದರೆ ಜಂತೆ ಎಣಿಸಲೇಬೇಕು.

ಹೀಗೆ ಎಣಿಸುವುದು ಹೇಗೆ ಎಂದು ತಿಳಿಯಲು ಬಾಬಾಸಾಹೇಬರ ಪುಸ್ತಕಗಳ ಅರ್ಪಣೆಯ ಪುಟಗಳನ್ನು ನೋಡಬೇಕು. ನಾವು ಅವರ ಪುಸ್ತಕ ಓದುವಾಗ ಆ ಪುಟವನ್ನು ದಾಟಿಕೊಂಡೇ ಹೋಗುತ್ತೇವೆ. 1923ರ 'ರೂಪಾಯಿಯ ಸಮಸ್ಯೆ' ತಂದೆ ತಾಯಿಯರ ನೆನಪಿಗೆ. 1925ರ ಪ್ರಾಂತೀಯ ಹಣಕಾಸಿನ ಗ್ರಂಥ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರಿಗೆ, ಓದಲು ಮಾಡಿದ ಸಹಾಯಕ್ಕಾಗಿ. 1940ರಲ್ಲಿ ಪಾಕಿಸ್ತಾನದ ಪ್ರಶ್ನೆ ಕುರಿತ ಗ್ರಂಥ ರಮಾಬಾಯಿಯವರ ನೆನಪಿಗೆ. 'ಶೂದ್ರರು ಯಾರು' 1946ರಲ್ಲಿ, ಜೋತಿಬಾ ಫುಲೆಯವರಿಗೆ. ಅಸ್ಪೃಶ್ಯರ ಮೂಲ ಕುರಿತ 1948ರ ಗ್ರಂಥ ನಂದನಾರ್, ರವಿದಾಸ, ಚೋಖಾಮೇಳ ಎಂಬ ಮೂವರು ಸಂತರಿಗೆ.

ಸಯಾಜಿರಾವ್ ಹೆಸರಿನ ಹತ್ತಿರ ನಾನು ತುಂಬ ಹೊತ್ತು ನಿಂತೆ. ಅವರ ವಿದ್ಯಾರ್ಥಿವೇತನದಿಂದಲೇ 1913ರಲ್ಲಿ ಬಾಬಾಸಾಹೇಬರು ಅಮೆರಿಕಕ್ಕೆ ಹೋದದ್ದು. 1917ರಲ್ಲಿ ಅದೇ ಬರೋಡಕ್ಕೆ ಕೆಲಸಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಹಾಕಿದರು. ಅವರು ಬರೋಡ ಬಿಟ್ಟರು, ಋಣ ಎಂದು ಹಲ್ಲು ಕಚ್ಚಿಕೊಂಡು ಉಳಿಯಲಿಲ್ಲ. ಎಂಟು ವರ್ಷದ ಮೇಲೆ ಅದೇ ಮಹಾರಾಜರಿಗೆ ಪುಸ್ತಕ ಅರ್ಪಿಸಿದರು. ಅಂದರೆ ಯಾರು ಓದಿಸಿದರು, ಯಾರು ಹೊರಹಾಕಿದರು ಎಂಬ ಎರಡೂ ಲೆಕ್ಕ ಬೇರೆ ಬೇರೆಯಾಗಿ ಅವರ ಹತ್ತಿರ ಇತ್ತು. ಒಂದಕ್ಕಾಗಿ ಇನ್ನೊಂದನ್ನು ಅಳಿಸಲಿಲ್ಲ.

ಇನ್ನೊಂದು ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗಬಹುದು. 'ಬುದ್ಧ ಮತ್ತು ಅವನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ ಅವರು ಸವಿತಾ ಅಂಬೇಡ್ಕರ್ ಅವರಿಗೂ ವೈದ್ಯ ಮಾಲ್ವಣಕರ್ ಅವರಿಗೂ ಕೃತಜ್ಞತೆ ಹೇಳಿದ್ದರು. ಕಾಯಿಲೆಯ ವರ್ಷಗಳಲ್ಲಿ ಜೀವ ಉಳಿಸಿ ಪುಸ್ತಕ ಮುಗಿಸುವಂತೆ ಮಾಡಿದವರು ಅವರಿಬ್ಬರು. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ. ಮಾಯಿಸಾಹೇಬರ ಬಗ್ಗೆ ನಮ್ಮಲ್ಲಿ ಜಗಳ ಹಳೆಯದು, ಅದನ್ನು ಇಲ್ಲಿ ಬಿಚ್ಚುವುದಿಲ್ಲ. ಆದರೆ ಗುರು ಕೈಯಾರೆ ಬರೆದ ಕೃತಜ್ಞತೆಯನ್ನು ಓದುಗರಿಂದ ದೂರ ಇಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ಈಗ ನನ್ನ ವಿಷಯ. ಏಪ್ರಿಲ್‌ನಲ್ಲಿ ನಮ್ಮಮ್ಮ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿಲ್ಲ. ಮನೆಯಲ್ಲಿ ನನ್ನ ಹೆಂಡತಿ ಸಣ್ಣ ಮಗು ಬಿಟ್ಟು ಬರುವ ಹಾಗಿರಲಿಲ್ಲ. ಆ ಹನ್ನೊಂದರಲ್ಲಿ ನಾಲ್ಕು ರಾತ್ರಿ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಮಲಗಿದವರು ಈ ಅಕ್ಕ. ನಾನು ಕೇಳಿರಲಿಲ್ಲ. ಡ್ಯೂಟಿ ಮುಗಿಸಿ, ಮನೆಗೆ ಹೋಗಿ ರಾಗಿ ಗಂಜಿ ಮಾಡಿ, ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಬೆಳಿಗ್ಗೆ ಅಲ್ಲಿಂದಲೇ ಕೆಲಸಕ್ಕೆ. "ಫ್ರೀ ಬಸ್ಸಲ್ವಾ ಅಣ್ಣಾ, ನಂಗೇನು ಖರ್ಚು" ಅನ್ನುತ್ತಿದ್ದರು. ಅಮ್ಮ ಮನೆಗೆ ಬಂದ ಮೇಲೆ ನಾನು ಡಾಕ್ಟರಿಗೆ ಒಂದು ಕೆಜಿ ಮೈಸೂರುಪಾಕ್ ಕೊಟ್ಟೆ. ರಜೆ ಕೊಟ್ಟ ಮ್ಯಾನೇಜರಿಗೂ ಕೊಟ್ಟೆ. ರಜೆ ನನ್ನ ಹಕ್ಕಿನದು, ಅದು ಬೇರೆ ಮಾತು.

ಆಗಸ್ಟ್‌ನಲ್ಲಿ ಅಕ್ಕನ ಯಜಮಾನರು ಹೋದಾಗ ಹೋಗಿ ಹೂವು ಇಟ್ಟು, ಸಾವಿರ ರೂಪಾಯಿ ಕೈಗಿಟ್ಟು, ಆಫೀಸಿನಲ್ಲಿ ಆಡಿಟ್ ಇದೆ ಎಂದು ಅರ್ಧ ಗಂಟೆಗೆ ಹೊರಟುಬಿಟ್ಟೆ. ಕಳೆದ ಭಾನುವಾರ ನಾನು ಕೃತಜ್ಞತೆ ಹೇಳಿದೆ ಎಂದೆನಲ್ಲ, ಆ ಪಟ್ಟಿಯಲ್ಲಿ ಡಾಕ್ಟರ್ ಇದ್ದರು, ಮ್ಯಾನೇಜರ್ ಇದ್ದರು. ಅಕ್ಕ ಎದುರಿಗೇ ಕೂತಿದ್ದರು. ಅವರ ಹೆಸರು ನನ್ನ ಬಾಯಿಗೆ ಬರಲಿಲ್ಲ.

ಮರೆವು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಮರೆವಿಗೂ ಒಂದು ದಿಕ್ಕಿದೆ. ಮೇಲಿನವರು ಮಾಡಿದ್ದು ಬೇಗ ಕಾಣುತ್ತದೆ, ಪಕ್ಕದವರು ಮಾಡಿದ್ದು ಕಾಣುವುದಿಲ್ಲ. ನಮ್ಮವರು ತಾನೇ, ಮಾಡುತ್ತಾರೆ ಎಂದುಕೊಳ್ಳುತ್ತೇವೆ. ಅದರಲ್ಲೂ ಹೆಂಗಸರು ಮಾಡಿದ್ದಾದರೆ ಕೇಳಲೇ ಬೇಡಿ. ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾದರೂ ನನ್ನ ಕತ್ತು ಮೇಲಕ್ಕೇ ತಿರುಗುತ್ತದೆ, ಗೌಡರ ಮನೆಯ ಜಗಲಿ ನೋಡುತ್ತಿದ್ದ ಹಾಗೆ.

ಊರಿಗೆ ಊರೇ ಹೀಗೆ ಮಾಡುವುದುಂಟು. 2020ರ ಮಾರ್ಚ್ 22ರಂದು ಬಾಲ್ಕನಿಗಳಲ್ಲಿ ನಿಂತು ತಟ್ಟೆ ಬಾರಿಸಿದ್ದು ನೆನಪಿದೆಯಲ್ಲ. ಕೋವಿಡ್ ಉದ್ದಕ್ಕೂ ಬೀದಿ ಗುಡಿಸಿದ ಬೆಂಗಳೂರಿನ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು 2022ರ ಜುಲೈ ಮೊದಲ ವಾರದಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ಪತ್ರ ಸಿಕ್ಕಿತು. ಸಂತೋಷ, ಕೊಟ್ಟ ಸರ್ಕಾರಕ್ಕೂ ಅದರ ಪಾಲು ಸಲ್ಲಲಿ. ಆದರೆ ಸಂಬಳ ಬಿಟ್ಟು ಧರಣಿ ಕೂತ ಹೆಣ್ಣುಮಕ್ಕಳ ಹೆಸರು ಎಷ್ಟು ಜನಕ್ಕೆ ಗೊತ್ತು? ನನಗೂ ಗೊತ್ತಿಲ್ಲ.

ಇನ್ನು ಹೊಸ ವರ್ಷದ ಸಂಕಲ್ಪ. 1935 ಬಾಬಾಸಾಹೇಬರಿಗೆ ಎಂಥ ವರ್ಷ ಎಂದು ನೆನೆಯಿರಿ. ಮೇ 27ರಂದು ರಮಾಬಾಯಿ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 13ರಂದು, ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ಕ್ಕೆ. ನಡುವೆ ಇಪ್ಪತ್ತೊಂದು ವರ್ಷ, ಇಪ್ಪತ್ತೊಂದು ಡಿಸೆಂಬರ್ 31. ಪ್ರತಿ ವರ್ಷ ಹೊಸ ಸಂಕಲ್ಪ ಮಾಡಲಿಲ್ಲ, ಮಾಡಿದ್ದನ್ನೇ ಹಿಡಿದುಕೊಂಡರು. ಹತ್ತು ಪಾರಮಿತೆಗಳಲ್ಲಿ ಅಧಿಟ್ಠಾನ ಎನ್ನುವುದು ಇದನ್ನೇ, ಮತ್ತು ಆ ಹತ್ತನ್ನು ಪಾಲಿಸುತ್ತೇನೆ ಎಂದು ನಾವು 22 ಪ್ರತಿಜ್ಞೆಗಳಲ್ಲಿ ಆಗಲೇ ಹೇಳಿದ್ದೇವೆ. ಹಾಗಾಗಿ ನಾನು ಹೊಸದೇನೂ ಬರೆದುಕೊಂಡಿಲ್ಲ.

ಆದರೆ ಬಳಗದ ಮುಂದೆ ಒಂದು ಕೋರಿಕೆ ಇದೆ. ವರ್ಷಾವಾಸದ ಕೊನೆಯಲ್ಲಿ ಭಿಕ್ಖುಗಳು ಪವಾರಣಾ ಮಾಡುತ್ತಾರೆ. ಕಂಡದ್ದು, ಕೇಳಿದ್ದು, ಅನುಮಾನ ಬಂದದ್ದು, ನನ್ನ ತಪ್ಪು ಏನಿದ್ದರೂ ಹೇಳಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಭಗವಾನರೇ ಸಂಘದ ಮುಂದೆ ಹಾಗೆ ಕೇಳಿದ್ದು ಸಂಯುತ್ತ ನಿಕಾಯದಲ್ಲಿದೆ. ಶನಿವಾರ ಜನವರಿ 3, ಹುಣ್ಣಿಮೆ, ಸಾವಿತ್ರಿಬಾಯಿ ಫುಲೆಯವರ ಜಯಂತಿ. 1897ರಲ್ಲಿ ಪುಣೆಯ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗದಿಂದ ತೀರಿಕೊಂಡ ತಾಯಿ ಅವರು. ಪುಬ್ಬಕಾರೀ ಎಂದರೆ ನನಗೆ ಮೊದಲು ನೆನಪಾಗುವುದು ಅವರೇ. ಮರುದಿನ ಭಾನುವಾರ ನಾವು ಸೇರಿದಾಗ ಪವಾರಣಾ ಥರ ಕೂರೋಣ. ಈ ವರ್ಷ ಬಳಗದಲ್ಲಿ ಯಾರು ನಿಮಗೆ ಏನು ಮಾಡಿದರು ಎಂದು ಅವರ ಮುಂದೆಯೇ ಹೇಳೋಣ. ಮಾಡಬೇಕಿದ್ದವರು ಮಾಡದೆ ಹೋದದ್ದನ್ನೂ ಹೇಳೋಣ. ಮೊದಲು ನಾನು ಕೂರುತ್ತೇನೆ. ಅಕ್ಕನ ಬಾಕಿ ಸಂಬಳದ ವಿಷಯಕ್ಕೆ ಕಾರ್ಮಿಕ ಇಲಾಖೆಗೆ ಕೊಡುವ ಅರ್ಜಿಯನ್ನೂ ಅಲ್ಲೇ ಬರೆದುಬಿಡೋಣ, ಕಾನೂನು ಓದುವ ಹುಡುಗರು ಇಬ್ಬರು ಬನ್ನಿ.

ಅಕ್ಕನಿಗೆ ನಿನ್ನೆ ಫೋನ್ ಮಾಡಿದ್ದೆ. ಭಾನುವಾರವೂ ಡ್ಯೂಟಿ ಇದೆಯಂತೆ, ಮುಗಿಸಿಕೊಂಡು ಹೆಬ್ಬಾಳ ಫ್ಲೈಓವರ್ ದಾಟಿ ಬರುವಷ್ಟರಲ್ಲಿ ರಾತ್ರಿ ಎಂಟಾಗುತ್ತದೆ ಎಂದರು. ಆರು ಗಂಟೆಗೆ ಬರುವವರು ದಯವಿಟ್ಟು ಕಾಯಿರಿ. ಅವರು ಬರುವ ತನಕ ಶುರು ಮಾಡುವುದು ಬೇಡ. ಅವತ್ತು ಟೀ ನಾನು ಮಾಡುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.