ಸಂಜೆ ಐದೂವರೆಗೆ ಹೋಗಿ ನೋಡಿ

ಅಮೆರಿಕದ ನಮ್ಮ ಕನ್ನಡ ಕೂಟದ ಹಳೆಯ ಸ್ಮರಣ ಸಂಚಿಕೆಗಳನ್ನು ತಿರುವಿದರೆ ನಮ್ಮ ಕಥೆಯನ್ನು ಜಾಹೀರಾತುಗಳೇ ಹೇಳಿಬಿಡುತ್ತವೆ. ಮೊದಮೊದಲು ಸೀರೆ ಅಂಗಡಿ, ಗ್ರೋಸರಿ, ಅಗ್ಗದ ವಿಮಾನ ಟಿಕೆಟ್ಟು. ಆಮೇಲೆ ರಿಯಲ್ ಎಸ್ಟೇಟು, ಮಕ್ಕಳ ಎಸ್‌ಎಟಿ ಕೋಚಿಂಗು. ಈಗ ಪೂರ್ಣ ಪುಟದಲ್ಲಿ ಬೆಳ್ಳಿಕೂದಲ ದಂಪತಿ ನಗುತ್ತಿರುತ್ತಾರೆ, ಕೆಳಗೆ ಸೀನಿಯರ್ ಲಿವಿಂಗ್, ಮೆಮೊರಿ ಕೇರ್ (ಮರೆವಿನ ಕಾಯಿಲೆಯವರ ವಸತಿ) ಎಂದು ಬರೆದಿರುತ್ತದೆ. 1965ರ ವಲಸೆ ಕಾಯ್ದೆ ಬಂದ ಮೇಲೆ ಅಮೆರಿಕಕ್ಕೆ ಕಾಲಿಟ್ಟ ನಮ್ಮ ಮೊದಲ ತಲೆಮಾರಿನ ಎಂಜಿನಿಯರು, ಡಾಕ್ಟರುಗಳಿಗೆ ಈಗ ಎಂಬತ್ತರ ಆಸುಪಾಸು. ಅವರ ಹಿಂದೆ ಬಂದ ನಾವು ಅಪ್ಪ ಅಮ್ಮಂದಿರಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡೆವು. ಹೀಗೆ ಎರಡೂ ಕಡೆಯಿಂದ ಹಿರಿಯರ ಆರೈಕೆಯ ವಿಷಯ ಮನೆಯೊಳಗೇ ಬಂದು ಕೂತಿದೆ.

"ಅಮ್ಮನ್ನ ಹೋಮಿಗೆ ಹಾಕಿಬಿಟ್ರಂತೆ" ಎಂದು ಗಣೇಶನ ಹಬ್ಬದ ಊಟದಲ್ಲಿ ಪಿಸುಗುಡುವವರು ಇನ್ನೂ ಇದ್ದಾರೆ. ರಾತ್ರಿ ಮೂರಕ್ಕೆ ಒಲೆ ಹಚ್ಚಿ ಮರೆತುಬಿಡುವ, ಜನವರಿಯ ಚಳಿಯಲ್ಲಿ ಬರಿಗಾಲಲ್ಲಿ ಬೀದಿಗಿಳಿಯುವ ತಾಯಿಯನ್ನು, ಇಬ್ಬರೂ ದುಡಿಯುವ ಮನೆಯಲ್ಲಿ ಅವರು ಒಂದು ವಾರ ನೋಡಿಕೊಳ್ಳಲಿ, ಆಮೇಲೆ ಮಾತಾಡೋಣ. ಸೇರಿಸಬೇಕೋ ಬೇಡವೋ ಎನ್ನುವುದು ಆಯಾ ಮನೆಯವರ ಪಾಡು. ಸೇರಿಸುವ ಜಾಗ ಎಂಥದ್ದಿರಬೇಕು ಎನ್ನುವುದನ್ನು ಮಾತ್ರ ನಾವು ಒಬ್ಬರಿಗೊಬ್ಬರು ಹೇಳಿಕೊಡಬೇಕು. ನಮ್ಮ ಅತ್ತೆಗಾಗಿ ಜಾಗ ಹುಡುಕಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇಂಥ ಕಡೆ ನಮ್ಮನ್ನು ಸುತ್ತಾಡಿಸಿ ತೋರಿಸುವವರು ಮಾರ್ಕೆಟಿಂಗ್ ವಿಭಾಗದವರು. ಅದೊಂದು ಹೆಣ್ಣು ನೋಡುವ ಶಾಸ್ತ್ರ. ಆ ದಿನ ಎಲ್ಲರ ಮನೆಯ ಕೇಸರಿಬಾತೂ ಚೆನ್ನಾಗಿಯೇ ಇರುತ್ತದೆ. ಲಾಬಿಯಲ್ಲಿ ಪಿಯಾನೊ, ಆಗತಾನೆ ಓವನ್ನಿನಿಂದ ಇಳಿದ ಕುಕ್ಕಿಯ ಘಮ, ಪ್ರತಿ ಕೋಣೆಯ ಬಾಗಿಲ ಪಕ್ಕ ಅಲ್ಲಿರುವವರ ಮದುವೆ ಫೋಟೊ ಇಟ್ಟ ಗಾಜಿನ ಪೆಟ್ಟಿಗೆ. ಎಲ್ಲ ನೋಡಿ, ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಬನ್ನಿ. ಇನ್ನೊಂದು ದಿನ ಯಾರಿಗೂ ಹೇಳದೆ ಸಂಜೆ ಐದೂವರೆಗೆ ಮತ್ತೆ ಹೋಗಿ. ಭಾನುವಾರವಾದರೆ ಇನ್ನೂ ಒಳ್ಳೆಯದು. ಒಳಗೆ ಬಿಡಲು ಮೀನಮೇಷ ಎಣಿಸಿದರೆ ಅದೂ ಒಂದು ಉತ್ತರವೇ.

ಐದೂವರೆಯೇ ಏಕೆಂದರೆ, ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಇರುವ ಎಷ್ಟೋ ಮಂದಿಗೆ ಹೊತ್ತು ಇಳಿಯುತ್ತಿದ್ದ ಹಾಗೆ ತಳಮಳ ಶುರುವಾಗುತ್ತದೆ. ಇಲ್ಲಿ ಅದಕ್ಕೆ ಸನ್‌ಡೌನಿಂಗ್ ಎನ್ನುತ್ತಾರೆ. ಆಫೀಸಿನವರು ಮನೆಗೆ ಹೊರಡುವುದೂ, ಊಟ ಬಡಿಸುವುದು, ಮಾತ್ರೆ ಕೊಡುವುದು, ಬಾತ್‌ರೂಮಿಗೆ ಕರೆದೊಯ್ಯುವುದು ಎಲ್ಲ ಒಟ್ಟಿಗೆ ಮೇಲೆ ಬೀಳುವುದೂ ಅದೇ ಹೊತ್ತಿಗೆ. ಕೈಗಳು ಕಡಿಮೆಯಾದಾಗಲೇ ಕೆಲಸ ಹೆಚ್ಚು.

ನಾವು ನೋಡಿದ ಒಂದು ದುಬಾರಿ ಜಾಗದಲ್ಲಿ ಮುದುಕರೊಬ್ಬರು ಬಾಗಿಲ ಹಿಡಿ ಅಲ್ಲಾಡಿಸುತ್ತ ನಿಂತಿದ್ದರು. ಮೆಮೊರಿ ಕೇರ್ ಬಾಗಿಲುಗಳು ಸಾಮಾನ್ಯವಾಗಿ ಕೋಡ್ ಒತ್ತಿದರಷ್ಟೇ ತೆರೆಯುತ್ತವೆ. ಬೆಂಕಿ ಬಿದ್ದರೆ ಯಾರೂ ಒಳಗೆ ಸಿಕ್ಕಿಕೊಳ್ಳಬಾರದಲ್ಲ, ಅದಕ್ಕೆ ಬಲವಾಗಿ ಒತ್ತಿ ಹಿಡಿದರೆ ಅಲಾರಂ ಹೊಡೆದು 15 ಸೆಕೆಂಡಿಗೆ ತೆರೆಯುವ ಬಾಗಿಲುಗಳೂ ಇವೆ. "ಮನೆಗೆ ಹೋಗಬೇಕು" ಎಂದರು ಅವರು. ಅಲ್ಲಿದ್ದ ಸಹಾಯಕಿ ಫೋನಿನಿಂದ ಕಣ್ಣೆತ್ತದೆ "ಇದೇ ನಿಮ್ಮ ಮನೆ, ಕೂತ್ಕೊಳಿ" ಎಂದಳು. ಮತ್ತೊಂದು ಜಾಗದಲ್ಲಿ ಕಾರ್ಪೆಟ್ಟು ಸವೆದಿತ್ತು, ಪಿಯಾನೊ ಇರಲಿಲ್ಲ. ಅಲ್ಲಿಯೂ ಒಬ್ಬರು ಹಾಗೆಯೇ ಬಾಗಿಲ ಬಳಿ ನಿಂತಿದ್ದರು. ಘಾನಾದಿಂದ ಬಂದ ಹೆಣ್ಣುಮಗಳೊಬ್ಬಳು ಅವರ ತೋಳು ಹಿಡಿದು "ನಿಮ್ಮ ಮನೆ ಯಾವ ಕಡೆ? ದಾರೀಲಿ ಏನೇನು ಸಿಗುತ್ತೆ?" ಎಂದು ಕೇಳುತ್ತ ಕಾರಿಡಾರಿನಲ್ಲಿ ನಡೆಸಿದಳು. ಎರಡನೆಯ ಸುತ್ತಿನ ಹೊತ್ತಿಗೆ ಅವರು ಬಾಗಿಲನ್ನು ಮರೆತು ಸೂಪ್ ಕೇಳುತ್ತಿದ್ದರು. ಅತ್ತೆಯನ್ನು ನಾವು ಸೇರಿಸಿದ್ದು ಅಲ್ಲಿಗೆ.

ಹಾಗಾಗಿ ಪ್ರಶ್ನೆ ಕೇಳುವುದಾದರೆ ಡೈರೆಕ್ಟರನ್ನಲ್ಲ, ಊಟ ಬಡಿಸುವವರನ್ನು ಕೇಳಿ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು? ರಾತ್ರಿ ಎಚ್ಚರವಾಗಿರುವವರು ಎಷ್ಟು ಮಂದಿ? ಆರಾರು ತಿಂಗಳಿಗೆ ಮುಖಗಳು ಬದಲಾಗುವ ಕಡೆ ನಿಮ್ಮ ತಂದೆಗೆ ಸಕ್ಕರೆ ಹಾಕದ ಕಾಫಿ ಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಗಲಾಟೆ ಮಾಡಿದರೆ ಮೊದಲು ಏನು ಮಾಡುತ್ತೀರಿ ಎಂದೂ ಕೇಳಿ. ಮಾತ್ರೆ ಎಂಬ ಉತ್ತರ ಬೇಗ ಬಂದರೆ ಹುಷಾರು. ಡಿಮೆನ್ಶಿಯಾ ಇರುವ ವೃದ್ಧರಿಗೆ ಆಂಟಿಸೈಕೋಟಿಕ್ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಎಫ್‌ಡಿಎ 2005ರಲ್ಲೇ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಕೊಟ್ಟಿದೆ. ಅಂಥ ಔಷಧ ಬೇಕಾಗುವ ಸಂದರ್ಭ ಇಲ್ಲವೆಂದಲ್ಲ, ಅದು ಮೊದಲ ಮದ್ದಾಗಬಾರದು.

ಕಾಗದಪತ್ರದ ಕಡೆ ಬಂದರೆ, ಬಹಳ ಜನ ಸ್ಟಾರ್ ರೇಟಿಂಗ್ ಹುಡುಕುತ್ತಾರೆ. ಇಂಥ ವಸತಿಗಳ ಪೈಕಿ ಕೇಂದ್ರ ಸರ್ಕಾರದ ಐದು ನಕ್ಷತ್ರದ ಪಟ್ಟಿ ಇರುವುದು ನರ್ಸಿಂಗ್ ಹೋಮುಗಳಿಗೆ ಮಾತ್ರ. ಅಸಿಸ್ಟೆಡ್ ಲಿವಿಂಗ್ ಮತ್ತು ಅದರೊಳಗಿನ ಮೆಮೊರಿ ಕೇರ್‌ಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಾದರೆ ಸೋಶಿಯಲ್ ಸರ್ವಿಸಸ್ ಇಲಾಖೆ. ಅದರ ತಪಾಸಣಾ ವರದಿಗಳು ಸಾರ್ವಜನಿಕ, ಯಾರು ಬೇಕಾದರೂ ಓದಬಹುದು. ಸಣ್ಣ ತಪ್ಪು ಎಲ್ಲರಿಗೂ ಇರುತ್ತದೆ, ಒಂದೇ ತಪ್ಪು ವರ್ಷ ವರ್ಷವೂ ಬರೆದಿದ್ದರೆ ಅಲ್ಲಿಂದ ಎದ್ದು ಬನ್ನಿ. ಪ್ರತಿ ರಾಜ್ಯದಲ್ಲೂ ಇಂಥ ಜಾಗಗಳ ನಿವಾಸಿಗಳ ದೂರು ಕೇಳಲು ಲಾಂಗ್ ಟರ್ಮ್ ಕೇರ್ ಓಂಬುಡ್ಸ್‌ಮನ್ ಇರುತ್ತಾರೆ. ಸೇರಿಸುವ ಮೊದಲೇ ಅವರಿಗೊಂದು ಫೋನ್ ಮಾಡಿ. ಪುಕ್ಕಟೆ ಸಲಹೆ ಕೊಡುತ್ತೇವೆ ಎಂದು ಬರುವ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ಆ ಜಾಗದವರೇ ಎನ್ನುವುದೂ ನೆನಪಿರಲಿ.

ಇನ್ನು ದುಡ್ಡು. ಮೆಡಿಕೇರ್ ಇದಕ್ಕೆಲ್ಲ ಕೊಡುತ್ತದೆ ಎಂಬ ಭ್ರಮೆ ಓದಿದವರಲ್ಲೂ ಇದೆ. ಕೊಡುವುದಿಲ್ಲ. ಆಸ್ಪತ್ರೆಯಲ್ಲಿ ಕನಿಷ್ಠ 3 ದಿನ ಒಳರೋಗಿಯಾಗಿದ್ದವರಿಗೆ ಆಮೇಲಿನ ನರ್ಸಿಂಗ್ ಆರೈಕೆಗೆ ಹೆಚ್ಚೆಂದರೆ 100 ದಿನ, ಅದರಲ್ಲೂ ಪೂರ್ತಿ ಖರ್ಚು ಮೊದಲ 20 ದಿನ ಮಾತ್ರ. ಮೆಮೊರಿ ಕೇರ್ ಬಾಡಿಗೆ ಕೈಯಿಂದಲೇ ಹೋಗಬೇಕು, ದುಬಾರಿ ಊರುಗಳಲ್ಲಿ ಅದು ತಿಂಗಳಿಗೆ ಹತ್ತು ಸಾವಿರ ಡಾಲರ್ ದಾಟುತ್ತದೆ. ಕರಪತ್ರದಲ್ಲಿರುವುದು ಮೂಲ ಬಾಡಿಗೆ. ಸ್ನಾನಕ್ಕೆ ಸಹಾಯ, ಮಾತ್ರೆಗೆ ಸಹಾಯ ಎಂದು ಲೆವೆಲ್ ಏರಿದಂತೆ ಬಿಲ್ಲೂ ಏರುತ್ತದೆ. ಉಳಿತಾಯ ಮುಗಿದ ಮೇಲೆ ಮೆಡಿಕೇಡ್ ಒಪ್ಪುತ್ತೀರೋ, ಹೊರಗೆ ಕಳಿಸುತ್ತೀರೋ? ಸಹಿ ಹಾಕುವ ಮೊದಲು ಇದಕ್ಕೆ ಲಿಖಿತ ಉತ್ತರ ಪಡೆಯಿರಿ.

ಇಷ್ಟು ಯಾವ ಅಮೆರಿಕನ್ ಕುಟುಂಬಕ್ಕಾದರೂ ಅನ್ವಯಿಸುತ್ತದೆ. ನಮ್ಮದೇ ಆದ ತಾಪತ್ರಯ ಬೇರೆ ಇದೆ. ಡಿಮೆನ್ಶಿಯಾದಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಕಳಚಿಕೊಳ್ಳುವುದುಂಟು. ಪಕ್ಕದ ಮನೆಯ ಅಜ್ಜಿಯ ಜೊತೆ ಇಂಗ್ಲಿಷಿನಲ್ಲೇ ಹರಟುತ್ತಿದ್ದ ನಮ್ಮ ಅತ್ತೆ ಬರೀ ಕನ್ನಡಕ್ಕೆ ಇಳಿದರು. ಸೇರಿದ ಹೊಸದರಲ್ಲಿ ಅವರ ದಾಖಲೆಯಲ್ಲಿ "ಸಹಕರಿಸುವುದಿಲ್ಲ, ಕೂಗಾಡುತ್ತಾರೆ" ಎಂದು ಬರೆದಿದ್ದರು. ಅತ್ತೆ ಕೂಗುತ್ತಿದ್ದದ್ದು "ಒಂದಕ್ಕೆ ಹೋಗ್ಬೇಕು" ಎಂದು. ನೀರು, ನೋವು, ಒಂದಕ್ಕೆ, ಸಾಕು, ಚಳಿ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥ ಸೇರಿಸಿ ಮಂಚದ ಪಕ್ಕದ ಗೋಡೆಗೆ ಅಂಟಿಸಿದೆವು. ಎರಡು ವಾರದಲ್ಲಿ ಆ ಘಾನಾದ ಹೆಣ್ಣುಮಗಳು "ನೀರು ಬೇಕಾ?" ಎನ್ನುತ್ತಿದ್ದಳು, ಕೂಗಾಟವೂ ಅರ್ಧಕ್ಕರ್ಧ ಇಳಿಯಿತು.

ಊಟದ ಕಥೆ ಕೇಳಬೇಡಿ. ಸಸ್ಯಾಹಾರ ಎಂದರೆ ಬೇಯಿಸಿದ ಬ್ರಾಕೊಲಿ, ಇಲ್ಲವೇ ಚೀಸ್ ಸ್ಯಾಂಡ್‌ವಿಚ್. ಮನೆಯ ಮೊಸರನ್ನ ತಂದು ಫ್ರಿಜ್ಜಿನಲ್ಲಿಡಲು ಬಿಡುತ್ತಾರೋ, ಕೈಯಲ್ಲಿ ಕಲಸಿ ತಿನ್ನಲು ಬಿಡುತ್ತಾರೋ ಕೇಳಿಕೊಳ್ಳಿ. ಚಮಚ ಹಿಡಿಯುವುದು ಮರೆತವರಿಗೂ ಕೈತುತ್ತು ಮರೆತಿರುವುದಿಲ್ಲ.

ಇದೆಲ್ಲ ಬೇಡ, ಬೆಂಗಳೂರೇ ವಾಸಿ ಎನ್ನುವವರಿದ್ದಾರೆ. ಅಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿನಗರದಲ್ಲಿ ಡಿಮೆನ್ಶಿಯಾ ಕೇಂದ್ರ ನಡೆಸುತ್ತದೆ, ನಿಮ್ಹಾನ್ಸ್ ಇದೆ, ಭಾಷೆ ಊಟಗಳ ಚಿಂತೆಯಿಲ್ಲ. ಹತ್ತಿರದಲ್ಲಿ ಅಕ್ಕನೋ ತಮ್ಮನೋ ಇದ್ದರೆ ಅದು ಒಳ್ಳೆಯ ದಾರಿಯೇ. ಯಾರೂ ಇಲ್ಲದಿದ್ದರೆ ಹೇಳದೆ ಕೇಳದೆ ಸಂಜೆ ಐದೂವರೆಗೆ ಹೋಗಿ ನೋಡುವವರು ಯಾರು? ವಾಟ್ಸಾಪ್ ವಿಡಿಯೋ ಕರೆಯಲ್ಲಿ ಕಾಣುವುದು ತಲೆ ಬಾಚಿ ಕೂರಿಸಿದ ಅಮ್ಮ ಮಾತ್ರ.

ಜನ ಬಂದು ಹೋಗುವ ಕೋಣೆಯನ್ನು ಯಾವ ಜಾಗದವರೂ ಕಡೆಗಣಿಸುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು. ಆದ್ದರಿಂದ ಕೂಟದ ಮುಂದಿನ ಕಾರ್ಯಕಾರಿ ಸಮಿತಿಗೆ ಒಂದು ಮನವಿ. ಯುಗಾದಿ, ರಾಜ್ಯೋತ್ಸವ, ಪಿಕ್‌ನಿಕ್ಕುಗಳ ಜೊತೆಗೆ ಇನ್ನೊಂದು ಪಟ್ಟಿ ಮಾಡಿ. ನಮ್ಮ ಸುತ್ತಮುತ್ತಲ ಮೆಮೊರಿ ಕೇರ್‌ಗಳಲ್ಲಿರುವ ಕನ್ನಡದ ಹಿರಿಯರು ಯಾರ್ಯಾರು, ಮನೆಯವರ ಒಪ್ಪಿಗೆ ಪಡೆದು ಸಂಜೆ ಹೊತ್ತು ಒಂದು ಗಂಟೆ ಅವರೊಡನೆ ಕನ್ನಡದಲ್ಲಿ ಮಾತಾಡಿ ಬರುವವರು ಯಾರ್ಯಾರು ಎಂದು. ಭಾನುವಾರಗಳಿಗೆ ನನ್ನ ಹೆಸರು ಬರೆದುಕೊಳ್ಳಿ, ವಾರದ ದಿನಗಳಿಗೆ ನಿವೃತ್ತರಾದವರು ದಯವಿಟ್ಟು ಮುಂದೆ ಬನ್ನಿ.