ಬಿಚ್ಚಿ ಹೊಲಿಯಬಹುದಾದ ಬೂಟು

ಬಾಳಿಕೆ ಬರುವ ವಸ್ತುವನ್ನು ಆರಿಸಿಕೊಳ್ಳುವುದು ಹಣವಿದ್ದವರಿಗೆ ಮಾತ್ರ ಸಾಧ್ಯವೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ಪಾದರಕ್ಷೆಯ ವಿಷಯದಲ್ಲಿ ಅದು ಅರ್ಧ ಸತ್ಯ. ದುಬಾರಿ ಬೂಟು ಒಂದೇ ಚಳಿಗಾಲದಲ್ಲಿ ಬಾಯಿ ಬಿಡುವುದೂ, ಸಾಧಾರಣ ಬೆಲೆಯದು ಏಳೆಂಟು ವರ್ಷ ನಡೆಯುವುದೂ ಅಪರೂಪವಲ್ಲ. ಈ ವ್ಯತ್ಯಾಸಕ್ಕೆ ಬೂಟನ್ನು ಕಟ್ಟಿದ ಬಗೆ ಎಷ್ಟು ಕಾರಣವೋ ಮೆಟ್ಟಿದವರ ರೂಢಿಯೂ ಅಷ್ಟೇ ಕಾರಣ. ಅಟ್ಟೆ, ಅಂದರೆ ನೆಲಕ್ಕೆ ತಾಗುವ ತಳಭಾಗ, ಸವೆದ ದಿನ ಆ ಬೂಟನ್ನು ಬಿಚ್ಚಿ ಮತ್ತೆ ಹೊಲಿಯಲು ಬರುತ್ತದೆಯೇ, ಹಾಗೆ ಹೊಲಿಯಬಲ್ಲವರು ತುಮಕೂರಿನಲ್ಲೋ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸಿಗುತ್ತಾರೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸುವವರು, ಚರ್ಮ, ಹೊಲಿಗೆ, ಅಳತೆ, ಆರೈಕೆ ಮುಂತಾದ ಉಳಿದ ಸಂಗತಿಗಳನ್ನೂ ತಾವಾಗಿಯೇ ಗಮನಿಸತೊಡಗುತ್ತಾರೆ.

ಮೊದಲು ಈ ತುಮಕೂರು ಸೀಮೆಯ ಚಳಿಯ ಸ್ವರೂಪ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವದ ತಾಪಮಾನ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೂ ಮಧ್ಯಾಹ್ನದ ಹೊತ್ತಿಗೆ 27, 28 ಡಿಗ್ರಿಗೆ ಏರುವುದರಿಂದ, ಹಿಮದ ನಾಡಿಗೆಂದು ಒಳಗೆ ಉಣ್ಣೆಯ ಪದರ ಕೊಟ್ಟು ಮಾಡಿದ ಬೂಟು ಬೆಳಗಿನ ರೈಲು ಹಿಡಿಯುವಾಗ ಹಿತವೆನಿಸಿ, ಹನ್ನೊಂದು ಗಂಟೆಗೆ ಶಿಕ್ಷೆಯಾಗುತ್ತದೆ. ಇಲ್ಲಿ ಬೂಟು ಎದುರಿಸಬೇಕಾದುದು ಬದುವಿನ ಹುಲ್ಲಿನ ಇಬ್ಬನಿಯನ್ನು, ಕೆಮ್ಮಣ್ಣಿನ ಧೂಳನ್ನು, ಜಾಲಿಮುಳ್ಳನ್ನು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮಾಗಿಯ ಒಣಗಾಳಿಯನ್ನು. ಹಿಮ್ಮಡಿಯನ್ನು ಬಿರಿಯಿಸುವ ಅದೇ ಗಾಳಿ ಚರ್ಮದೊಳಗಿನ ತೇವವನ್ನೂ ಹೀರಿಬಿಡುವುದರಿಂದ, ಬೆರಳಿನ ಬುಡದಲ್ಲಿ ಬೂಟು ಮಡಿಯುವ ಗೆರೆಯುದ್ದಕ್ಕೂ ಸೀಳು ಹುಟ್ಟಿಕೊಳ್ಳುತ್ತದೆ. ಬೈಕು ಓಡಿಸುವವರಿಗೆ ಇನ್ನೊಂದು ಕಾಟವಿದೆ: ಗೇರು ಬದಲಿಸುವ ಸನ್ನೆ ದಿನವೂ ತಿಕ್ಕುವುದರಿಂದ ಎಡಗಾಲಿನ ಬೂಟಿನ ಮುಂಭಾಗ ಬಲಗಾಲಿನದಕ್ಕಿಂತ ಬಹಳ ಮೊದಲೇ ಬಣ್ಣ ಕಳೆದುಕೊಂಡು ತೆಳುವಾಗುತ್ತದೆ. ಅಲ್ಲಿ ಎರಡನೆಯ ಚರ್ಮದ ತುಂಡನ್ನು ಸೇರಿಸಿ ಹೊಲಿದಿರುವ ಮಾದರಿಯನ್ನು ಆರಿಸಿಕೊಳ್ಳುವುದು ಸಣ್ಣ ವಿವೇಕ. ಅದರಿಂದ ಉಳಿಯುವ ಆಯುಸ್ಸು ಸಣ್ಣದಲ್ಲ.

ಮೆಟ್ಟುವವರೂ ಹೊಲಿಯುವವರೂ ಪರಸ್ಪರ ಬಲ್ಲವರಾಗಿದ್ದ ಕಾಲವೊಂದು ಇಲ್ಲಿತ್ತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆಯಗಾರಿಕೆ, ಅಂದರೆ ಕಸುಬುದಾರರಿಗೆ ಕಣದಲ್ಲೇ ವರ್ಷಕ್ಕೊಮ್ಮೆ ಧಾನ್ಯ ಅಳೆದುಕೊಡುವ ಪದ್ಧತಿ, ರೂಢಿಯಲ್ಲಿದ್ದಾಗ, ಎಕ್ಕಡ, ಎತ್ತಿನ ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲ ಇವೆಲ್ಲ ಮಾದಿಗ ಕುಟುಂಬಗಳ ಕೈಯಿಂದಲೇ ಬರುತ್ತಿದ್ದವು. ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು, ಬೆದ್ದಲು ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ತಂಗಡಿಯ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಇಟ್ಟು ಹದಗೊಳಿಸಲಾಗುತ್ತಿತ್ತು. ಆ ವ್ಯವಸ್ಥೆಯನ್ನು ಹಾಡಿಹೊಗಳುವಂತಿಲ್ಲ. ಎಕ್ಕಡ ಹೊಲಿದವರೇ ಅದನ್ನು ಮೆಟ್ಟಿಕೊಂಡು ಮೇಲ್ಜಾತಿಯವರ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಹನ್ನೆರಡನೆಯ ಶತಮಾನದ ಸಮಗಾರ ಹರಳಯ್ಯನನ್ನೂ, ತನ್ನ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟವೆಂಬ ಕಸುಬಿನ ಸಲಕರಣೆಗಳನ್ನು ಇರಿಸಿಕೊಂಡ ಮಾದಾರ ಚೆನ್ನಯ್ಯನನ್ನೂ ವೇದಿಕೆಯ ಮೇಲೆ ಕೊಂಡಾಡುವ ಸಮಾಜ, ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುವವರನ್ನು ಇಂದಿಗೂ ಏಕವಚನದಲ್ಲಿ ಕರೆದು ಹತ್ತು ರೂಪಾಯಿಗೆ ಚೌಕಾಶಿ ಮಾಡುವುದನ್ನು ಬಿಟ್ಟಿಲ್ಲ. ಬೂಟು ಕೊಳ್ಳುವವರು ತಿದ್ದಿಕೊಳ್ಳಬೇಕಾದ ಮೊದಲ ನಡವಳಿಕೆ ಇದೇ. ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ, ಈಗ ಡಾ. ಬಾಬು ಜಗಜೀವನರಾಂ ಅವರ ಹೆಸರು ಹೊತ್ತಿರುವ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮ, ಅಂದರೆ ಜನರ ಬಾಯಲ್ಲಿನ ಲಿಡ್ಕರ್, ಈ ಕುಶಲಕರ್ಮಿಗಳಿಗಾಗಿಯೇ ಇರುವ ಸಂಸ್ಥೆ. ಬೂಟು ಹುಡುಕುವವರು ಅದರ ಮಳಿಗೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಇನ್ನು ಚರ್ಮ. ಇಂದು ಲೋಕದಲ್ಲಿ ತಯಾರಾಗುವ ಚರ್ಮದ ಬಹುಪಾಲು ತೊಗಟೆಯ ಬದಲು ಕ್ರೋಮಿಯಂ ಲವಣಗಳಿಂದ ಹದಗೊಂಡದ್ದು. ಅದು ಮೆದುವಾಗಿರುತ್ತದೆ, ನೀರಿಗೂ ಶಾಖಕ್ಕೂ ಹೆಚ್ಚು ತಾಳುತ್ತದೆ. ಆದರೆ ಹದಕ್ಕಿಂತ ಮುಖ್ಯವಾದದ್ದು ತೊಗಲಿನ ಯಾವ ಪದರವನ್ನು ಬಳಸಲಾಗಿದೆ ಎಂಬುದು. ಕೂದಲಿನ ಬುಡದ ರಂಧ್ರಗಳು ಹಾಗೆಯೇ ಉಳಿದಿರುವ ಮೇಲ್ಪದರದಲ್ಲಿ ನಾರುಗಳು ಒತ್ತಾಗಿ ಹೆಣೆದುಕೊಂಡಿರುವುದರಿಂದ ಅದೇ ಅತ್ಯಂತ ಗಟ್ಟಿ, ಇದನ್ನು ಫುಲ್ ಗ್ರೇನ್ ಎನ್ನುತ್ತಾರೆ. ಮೇಲ್ಮೈಯ ಕಲೆಗಳನ್ನು ಉಜ್ಜಿ ತೆಗೆದು ಬಣ್ಣದ ಲೇಪ ಕೊಟ್ಟದ್ದು ಎರಡನೆಯ ದರ್ಜೆಯದು. ಕೆಳಪದರವನ್ನು ಸೀಳಿ ಅದರ ಮೇಲೆ ಪ್ಲಾಸ್ಟಿಕ್ ಪೊರೆ ಅಂಟಿಸಿದ್ದು ಮೂರನೆಯದು. ಚರ್ಮದ ಚೂರುಗಳನ್ನು ಪುಡಿಮಾಡಿ ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು ಕೊನೆಯದು. ಅಪ್ಪಟ ಚರ್ಮವೆಂದು ಇಂಗ್ಲಿಷಿನಲ್ಲಿ ಒತ್ತಿದ ಮುದ್ರೆಯೊಂದನ್ನೇ ನಂಬಿ ಕೊಂಡರೆ, ಮೂರನೆಯ ದರ್ಜೆಯದೂ ಮನೆಗೆ ಬರಬಹುದು. ಪರೀಕ್ಷೆ ಕಷ್ಟದ್ದೇನಲ್ಲ: ಹೆಬ್ಬೆರಳಿನಿಂದ ಒತ್ತಿದಾಗ ಮೇಲ್ಪದರದ ಚರ್ಮ ಸುತ್ತಲೂ ಕೂದಲೆಳೆಯಂಥ ಸುಕ್ಕುಗಳನ್ನು ತೋರಿಸಿ ಬಿಟ್ಟ ಕೂಡಲೇ ನಯವಾಗುತ್ತದೆ, ಪ್ಲಾಸ್ಟಿಕ್ ಪೊರೆಯದು ಒಂದೇ ಗುಂಡಿಯಾಗಿ ತಗ್ಗುತ್ತದೆ; ಬೂಟಿನ ನಾಲಗೆಯ ಅಂಚನ್ನು ಮಗುಚಿ ನೋಡಿದರೆ ಚರ್ಮದ್ದರಲ್ಲಿ ನಾರು, ಚರ್ಮವೇ ಅಲ್ಲದ್ದರಲ್ಲಿ ಬಟ್ಟೆಯ ನೇಯ್ಗೆ ಕಾಣುತ್ತದೆ. ಯುರೋಪಿನ ಮಾರುಕಟ್ಟೆಯ ನಿಯಮಕ್ಕೆ ತಕ್ಕಂತೆ ಗುರುತು ಹಾಕಿದ ಬೂಟುಗಳಲ್ಲಿ, ಹರಡಿದ ತೊಗಲಿನ ಆಕಾರದ ಚಿಹ್ನೆ ಚರ್ಮವನ್ನೂ, ಅದರ ನಡುವೆ ವಜ್ರಾಕೃತಿಯಿದ್ದರೆ ಲೇಪವುಳ್ಳ ಚರ್ಮವನ್ನೂ, ಬರಿಯ ವಜ್ರಾಕೃತಿ ಚರ್ಮ, ಬಟ್ಟೆ ಎರಡೂ ಅಲ್ಲದ ಬೇರೆ ವಸ್ತುವನ್ನೂ ಸೂಚಿಸುತ್ತವೆ.

ಮೇಲಿನ ಚರ್ಮ ಎಷ್ಟೇ ಒಳ್ಳೆಯದಿರಲಿ, ಅದು ತಳಕ್ಕೆ ಸೇರಿರುವ ಬಗೆಯೇ ಬೂಟಿನ ಆಯುಸ್ಸನ್ನು ನಿರ್ಧರಿಸುತ್ತದೆ. ಅಂಗಡಿಗಳಲ್ಲಿ ಸಿಗುವ ಹೆಚ್ಚಿನವು ಅಂಟಿಸಿದ ತಳದವು. ಹೊಲಿದ ತಳಗಳಲ್ಲಿ ಎರಡು ಮುಖ್ಯ ಬಗೆಗಳಿವೆ: 1858ರಲ್ಲಿ ಅಮೆರಿಕದ ಲೈಮನ್ ಬ್ಲೇಕ್ ಹಕ್ಕುಸ್ವಾಮ್ಯ ಪಡೆದ ಯಂತ್ರದ ಹೊಲಿಗೆ ಒಳಗಿನಿಂದ ನೇರವಾಗಿ ಅಟ್ಟೆಗೆ ಇಳಿಯುತ್ತದೆ, 1870ರ ದಶಕದಲ್ಲಿ ಚಾರ್ಲ್ಸ್ ಗುಡ್‌ಇಯರ್ ಜೂನಿಯರ್ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ ವೆಲ್ಟ್ ವಿಧಾನದಲ್ಲಿ ಮೇಲಿನ ಚರ್ಮವನ್ನು ಮೊದಲು ಒಂದು ಚರ್ಮದ ಪಟ್ಟಿಗೂ, ಆ ಪಟ್ಟಿಯನ್ನು ಆಮೇಲೆ ಅಟ್ಟೆಗೂ ಹೊಲಿಯಲಾಗುತ್ತದೆ. ಎರಡನೆಯದರಲ್ಲಿ ಹೊರಗಿನ ಹೊಲಿಗೆಯನ್ನಷ್ಟೇ ಬಿಚ್ಚಿ ಹೊಸ ಅಟ್ಟೆ ಕೂರಿಸಲು ಬರುವುದರಿಂದ ಮೇಲ್ಭಾಗಕ್ಕೆ ಏಟು ಬೀಳುವುದಿಲ್ಲ. ಯಂತ್ರವಿಲ್ಲದ ಊರಿನಲ್ಲೂ ಉಳಿ, ಮೇಣ ತಿಕ್ಕಿದ ದಾರ ಮತ್ತು ಪಳಗಿದ ಕೈ ಇದ್ದರೆ ಆ ಕೆಲಸ ಸಾಗುತ್ತದೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಎಚ್‌ಎಂಟಿ ಗಡಿಯಾರಗಳು ಎಷ್ಟೋ ಮಣಿಕಟ್ಟುಗಳ ಮೇಲೆ ಓಡುತ್ತಿರುವುದು, ಅವುಗಳ ಹಿಂಬದಿಯ ಮುಚ್ಚಳ ತೆರೆದು ರಿಪೇರಿ ಮಾಡಬಲ್ಲವರು ಉಳಿದಿರುವುದರಿಂದಲೇ. ಬೂಟಿಗೂ ಅದೇ ನ್ಯಾಯ. ಕೊಳ್ಳುವವರು ಮೋಸಹೋಗುವ ಜಾಗವೂ ಇಲ್ಲೇ ಇದೆ. ಅಂಟಿಸಿದ ತಳದ ಅಂಚಿನಲ್ಲಿ ಅಚ್ಚಿನಿಂದಲೇ ಹೊಲಿಗೆಯ ಗುರುತು ಮೂಡಿಸಿ, ಕೆಲವೊಮ್ಮೆ ಬಣ್ಣದ ದಾರವನ್ನೂ ಕೂರಿಸಿರುತ್ತಾರೆ. ಬೂಟನ್ನು ಮಗುಚಿ ನೋಡಿ, ಆ ಹೊಲಿಗೆ ತಳದ ಕೆಳಗೆ ಎಲ್ಲಿಯೂ ಹೊರಬರದಿದ್ದರೆ, ಅದು ಬಹುತೇಕ ಬರಿಯ ಅಲಂಕಾರ.

ಮಾದರಿಯ ಆಯ್ಕೆಯಲ್ಲಿ ಊರಿನ ಬದುಕನ್ನು ಮರೆಯುವಂತಿಲ್ಲ. ಸಿದ್ಧಗಂಗಾ ಮಠಕ್ಕೋ, ಗುಬ್ಬಿಯ ಚನ್ನಬಸವೇಶ್ವರನ ಗುಡಿಗೋ, ಕುಣಿಗಲ್ ತಾಲ್ಲೂಕಿನ ಎಡೆಯೂರಿಗೋ ಹೋಗುವವರು, ಮನೆಮನೆಯ ಹೊಸ್ತಿಲಲ್ಲಿ ಬೂಟು ಬಿಡಬೇಕಾದವರು, ಎಂಟು ತೂತಿನ ಲೇಸು ಕಟ್ಟಿಕೊಂಡು ತಿರುಗಿದರೆ ವಾರದೊಳಗೆ ಹಿಮ್ಮಡಿಯನ್ನು ತುಳಿದೇ ಮೆಟ್ಟತೊಡಗುತ್ತಾರೆ, ಬೂಟಿನ ಬೆನ್ನೆಲುಬಾದ ಹಿಂಭಾಗ ಅಲ್ಲಿಗೆ ಮುಗಿಯುತ್ತದೆ. ಪಕ್ಕದ ಜಿಪ್ಪು ಸುಲಭವೆನಿಸಿದರೂ ಕೆಮ್ಮಣ್ಣಿನ ಧೂಳಿಗೆ ಮೊದಲು ಕೆಡುವುದು ಅದೇ. ಎಲಾಸ್ಟಿಕ್ ಬದಿಯದು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ, ಬದಲಿಸುವುದು ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದಲ್ಲಿದ್ದ ನೇಥನ್ ಕ್ಲಾರ್ಕ್ ಎಂಬ ಬ್ರಿಟಿಷ್ ಅಧಿಕಾರಿ ಸಹ ಸೈನಿಕರ ಕಾಲಲ್ಲಿ ನೋಡಿ, ಬಳಿಕ ಮಾರುಕಟ್ಟೆಗೆ ತಂದ, ಎರಡೇ ಜೊತೆ ತೂತುಗಳ ಗಿಡ್ಡ ಬೂಟಿನ ಮಾದರಿ ಈ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ, ಅದರ ಮೂಲ ರೂಪದ ಹಸಿ ರಬ್ಬರಿನ ತಳವೊಂದನ್ನು ಬಿಟ್ಟರೆ. ಆ ತಳ ಬಿಸಿಲಿಗೆ ಮೆತ್ತಗಾಗಿ ದಾರಿಯ ಮಣ್ಣನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಕುಣಿಗಲ್ಲಿನ ಕುದುರೆ ಫಾರಂ ಇರುವ ಜಿಲ್ಲೆಯಲ್ಲಿ, ಭಾರತದಲ್ಲೇ ಹುಟ್ಟಿದ ಜೋಧ್‌ಪುರ ಮಾದರಿಯ ಸವಾರಿ ಬೂಟನ್ನೂ ನೆನೆಯಬೇಕು: ಕಾಲಿನ ಗಂಟನ್ನು ಸುತ್ತುವ ಚರ್ಮದ ಪಟ್ಟಿ ಮತ್ತು ಬಕಲ್ಲಿನಿಂದ ಬಿಗಿಯುವ ಈ ಬೂಟಿನಲ್ಲಿ ಎಲಾಸ್ಟಿಕ್ಕೂ ಇಲ್ಲ, ಜಿಪ್ಪೂ ಇಲ್ಲ, ಪಟ್ಟಿ ಹರಿದರೆ ಯಾವ ಊರಿನಲ್ಲಾದರೂ ಹೊಸದನ್ನು ಹೊಲಿಸಬಹುದು. ಅದರ ಹಿಮ್ಮಡಿಯ ಎತ್ತರ ಶೋಕಿಗೆ ಬಂದದ್ದಲ್ಲ, ರಿಕಾಪಿನಿಂದ ಪಾದ ಮುಂದಕ್ಕೆ ಜಾರದಿರಲಿ ಎಂದು ಇಟ್ಟದ್ದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿಂದ ಹಿಡಿದು ತುಮಕೂರಿನ ವಸಂತನರಸಾಪುರದವರೆಗೆ ಹಬ್ಬಿರುವ ಕೈಗಾರಿಕಾ ಬದುಕಿನಲ್ಲಿ ಸುರಕ್ಷತಾ ಬೂಟು ಈಗ ಪರಿಚಿತ ವಸ್ತು. ಬೆರಳಿನ ಮೇಲೆ ಗಟ್ಟಿ ಟೊಪ್ಪಿಗೆಯಿರುವ ಈ ಬೂಟುಗಳಿಗೆ ಐಎಸ್ 15298 ಎಂಬ ಭಾರತೀಯ ಮಾನಕವಿದೆ. ಅದನ್ನೇ ಸಂತೆಗೂ ಮದುವೆಗೂ ಮೆಟ್ಟಿ ಸವೆಸುವ ರೂಢಿ ಮಾತ್ರ ಉಳಿತಾಯದಂತೆ ಕಂಡರೂ ಉಳಿತಾಯವಲ್ಲ. ಕೆಲಸದ ಜಾಗದಲ್ಲಿ ಪಾದ ಕಾಯಬೇಕಾದದ್ದು ಬೀದಿಯಲ್ಲೇ ಅರ್ಧ ಮುಗಿದಿರುತ್ತದೆ.

ಅಂಗಡಿಗೆ ಹೋಗುವುದಾದರೆ ಸಂಜೆ ಹೋಗಬೇಕು, ದಿನವಿಡೀ ನಡೆದ ಪಾದ ಆ ಹೊತ್ತಿಗೆ ತುಸು ಉಬ್ಬಿರುತ್ತದೆ. ಚಳಿಗಾಲದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ಮೆಟ್ಟಿ, ಕೂತಲ್ಲೇ ಒಪ್ಪಿಕೊಳ್ಳದೆ ನಡೆದು ನೋಡಬೇಕು. ಭಾರತದಲ್ಲಿ ಚಾಲ್ತಿಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿನ ಅಂತರ ಮೂರನೇ ಒಂದು ಅಂಗುಲ, ಅಂದರೆ ಸುಮಾರು 8.5 ಮಿಲಿಮೀಟರ್, ಉದ್ದವನ್ನಷ್ಟೇ ಹೇಳುವ ಈ ನಂಬರು ಅಗಲದ ಬಗ್ಗೆ ಮೌನವಾಗಿರುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಪಾದಗಳ ಅಳತೆ ತೆಗೆಸಿ, ಭಾರತೀಯರ ಪಾದ ಯುರೋಪಿನವರದಕ್ಕಿಂತ ಅಗಲವೆಂದು ಕಂಡುಕೊಂಡು, ‘ಭ’ ಎಂಬ ಹೊಸ ಅಳತೆಯ ಕ್ರಮವನ್ನು ಸೂಚಿಸಿರುವುದು ಇದಕ್ಕಾಗಿಯೇ. ಅಗಲ ಸಾಲದೆಂದು ಒಂದು ನಂಬರು ದೊಡ್ಡದನ್ನು ಕೊಂಡರೆ ಬೂಟು ಬೆರಳಿನ ಬುಡದಲ್ಲಿ ಮಡಿಯುವ ಬದಲು ಬೇರೆಡೆ ಮಡಿದು, ಬೇಗ ಸೀಳುತ್ತದೆ. ‘ಹಾಕ್ತಾ ಹಾಕ್ತಾ ಲೂಸಾಗುತ್ತೆ ಸಾರ್’ ಎಂಬ ಅಂಗಡಿಯವರ ಮಾತು ಅಗಲದ ಮಟ್ಟಿಗೆ ಸ್ವಲ್ಪ ನಿಜ, ಉದ್ದದ ಮಟ್ಟಿಗೆ ಪೂರ್ತಿ ಸುಳ್ಳು. ಬೇಡವೆನಿಸಿದಾಗ ಸಂಕೋಚವಿಲ್ಲದೆ ಎದ್ದು ಬರುವುದನ್ನು ಕಲಿಯದೆ, ಹತ್ತು ಜೋಡಿ ತೆಗೆಸಿದ ಮುಲಾಜಿಗೆ ಹನ್ನೊಂದನೆಯದನ್ನು ಕೊಂಡವರು ಎಷ್ಟೋ ಮಂದಿ.

ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆ ಇಲ್ಲಿ ಭಾಗಶಃ ಮಾತ್ರ ಸಲ್ಲುತ್ತದೆ. ವರ್ಷಕ್ಕೊಂದರಂತೆ 1,000 ರೂಪಾಯಿಯ ಜೋಡಿ ಕೊಳ್ಳುವವರನ್ನೂ, 4,000 ರೂಪಾಯಿಗೆ ಹೊಲಿದ ತಳದ ಬೂಟು ಕೊಂಡು ನಡುವೆ ಎರಡು ಸಲ 600 ರೂಪಾಯಿ ಕೊಟ್ಟು ಅಟ್ಟೆ ಹಾಕಿಸಿ ಎಂಟು ವರ್ಷ ಮೆಟ್ಟುವವರನ್ನೂ ಊಹಿಸಿಕೊಂಡರೆ, ಎರಡನೆಯವರಿಗೆ ವರ್ಷಕ್ಕೆ ಬೀಳುವುದು 650 ರೂಪಾಯಿ. ಆದರೆ 4,000 ರೂಪಾಯಿಯನ್ನು ಒಮ್ಮೆಲೇ ಹೊಂದಿಸಲಾಗದವರಿಗೆ ಈ ಲೆಕ್ಕ ಹೊಟ್ಟೆ ತುಂಬಿದವರ ಉಪದೇಶವಾಗಿಯೇ ಕೇಳಿಸುತ್ತದೆ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇ. 5 ಇದ್ದರೆ ಅದಕ್ಕೂ ಮೇಲಿನದಕ್ಕೆ ಶೇ. 18 ಇದೆ. ಒಮ್ಮೆಲೇ ಅಷ್ಟು ಹಣ ಹೊಂದಿಸಲಾಗದವರಿಗೆ ಊರಿನ ಹಳೆಯ ಉಪಾಯವೇ ಉತ್ತಮ: ಮೇಲ್ಭಾಗದ ಚರ್ಮ ಚೆನ್ನಾಗಿರುವ, ತಳ ಅಂಟಿಸಿದ ಜೋಡಿಯನ್ನು ಕೊಂಡು, ಮೆಟ್ಟುವ ಮೊದಲೇ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದು ಸುತ್ತಲೂ ಗಟ್ಟಿ ದಾರದ ಹೊಲಿಗೆ ಹಾಕಿಸುವುದು. ಅಂಟು ಬಿಟ್ಟಮೇಲೆ ಹೊಲಿಸುವುದಕ್ಕಿಂತ ಇದು ಎಷ್ಟೋ ಪಾಲು ಭದ್ರ.

ಆರೈಕೆಯ ರೂಢಿಗೆ ದಿನಕ್ಕೆ ಐದು ನಿಮಿಷವೂ ಬೇಡ. ಸಂಜೆ ಬಿಚ್ಚಿದ ಕೂಡಲೇ ಬ್ರಷ್ಷಿನಿಂದ ಧೂಳು ಕೊಡವಿ, ಒಳಗೆ ಹಳೆಯ ದಿನಪತ್ರಿಕೆ ಮುದುಡಿ ತುರುಕಿಟ್ಟರೆ ಬೆವರಿನ ಪಸೆಯನ್ನು ಕಾಗದ ಹೀರುತ್ತದೆ. ಎರಡು ಜೋಡಿಯಿದ್ದು ದಿನ ಬಿಟ್ಟು ದಿನ ಮೆಟ್ಟುವುದು ಇನ್ನೂ ಮೇಲು. ಇಬ್ಬನಿಯಲ್ಲಿ ನೆನೆದದ್ದನ್ನು ಒಲೆಯ ಮುಂದಾಗಲಿ ಬಿಸಿಲಿನಲ್ಲಾಗಲಿ ಇಡದೆ ನೆರಳಿನಲ್ಲೇ ಆರಿಸಬೇಕು. ತೆಂಗಿನ ಸೀಮೆಯವರಾದ್ದರಿಂದ ಕೊಬ್ಬರಿ ಎಣ್ಣೆಯ ಕಡೆಗೆ ಕೈ ಹೋಗುವುದು ಸಹಜ, ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ಆ ಎಣ್ಣೆ ಮಾಗಿಯ ಬೆಳಿಗ್ಗೆ ಚರ್ಮದ ಮೇಲೆ ಬೆಳ್ಳಗೆ ನಿಲ್ಲುತ್ತದೆ, ಹೆಚ್ಚಾದರೆ ತಳದ ಅಂಟನ್ನೂ ಸಡಿಲಿಸುತ್ತದೆ. ತೊಗಟೆಯ ಹದದ ಚಪ್ಪಲಿಗೆ ಹಿಂದಿನವರು ಸವರುತ್ತಿದ್ದ ಹರಳೆಣ್ಣೆ ಬೇರೆ, ಬೂಟಿಗೆ ಬೇಕಾದ ಮೇಣದ ಪಾಲಿಶ್ ಬೇರೆ. ಬಾಗಿಲಾಚೆ ರಾತ್ರಿ ಕಳೆದ ಬೂಟನ್ನು ಮೆಟ್ಟುವ ಮುನ್ನ ತಲೆಕೆಳಗು ಮಾಡಿ ಕೊಡವುವುದು ಚೇಳಿರುವ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ, ಆದರೂ ಅವಸರದಲ್ಲಿ ಮರೆಯುವುದು ಅದನ್ನೇ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಬೂಟನ್ನು ತಿಂಗಳುಗಟ್ಟಲೆ ಎತ್ತಿಡುವವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬಾರದು. ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ. ಪಾಲಿಶ್ ಹಚ್ಚಿ, ಕಾಗದ ತುಂಬಿ, ಬಟ್ಟೆಯ ಚೀಲದಲ್ಲಿಟ್ಟರೆ ಸಾಕು. ಪಾಲಿಯುರೆಥೇನ್ ಎಂಬ ಹಗುರ ವಸ್ತುವಿನ ತಳವಿದ್ದರೆ ಮಾತ್ರ ಆ ಉಪಾಯವೂ ಸಾಲದು: ಗಾಳಿಯ ತೇವ ಆ ವಸ್ತುವಿನ ಅಣುಗಳ ಬಂಧವನ್ನು ಒಳಗೊಳಗೇ ಒಡೆಯುತ್ತ ಹೋಗಿ, ಅಟ್ಟದ ಮೇಲೆ ಹೊಸದರಂತೆ ಕೂತ ಬೂಟು ಕೆಲವು ವರ್ಷಗಳ ಬಳಿಕ ಮೆಟ್ಟಿದ ದಿನವೇ ಚೂರುಚೂರಾಗಿ ಉದುರುತ್ತದೆ. ಅಂಥದ್ದನ್ನು ಇಟ್ಟು ಕಾಯುವುದಕ್ಕಿಂತ ಬೇಸಿಗೆಯಲ್ಲೂ ಆಗಾಗ ಮೆಟ್ಟಿ ಸವೆಸುವುದೇ ಲೇಸು, ತಳ ಹೋದಾಗ ರಬ್ಬರಿನ ಅಟ್ಟೆ ಹಾಕಿಸಿಕೊಂಡರಾಯಿತು.