ಅವಧಾನವೂ ಆತಂಕವೂ

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿಯನ್ನು ಹೇಳಿರುವರು. ಒದಗಿದುದನ್ನು ಮೈಮರೆತು ನುಂಗದೆ, ಲಿಂಗಕ್ಕೆ ಅರ್ಪಿಸಿ, ಎಚ್ಚರದಿಂದ ಸ್ವೀಕರಿಸುವುದು ಪ್ರಸಾದಿಯ ಲಕ್ಷಣ. ಇದು ಸಾಧಕರಿಗೆ ಸಲ್ಲುವ ದೊಡ್ಡ ಮಾತೆಂದು ಗೃಹಸ್ಥರಾದ ನಾವು ಬದಿಗಿಟ್ಟಿರುವುದುಂಟು. ಆದರೆ ತುತ್ತುತುತ್ತಿಗೂ ಅವಧಾನವಿಲ್ಲದೆ ಬದುಕಲಾರದ ಮಕ್ಕಳು ನಮ್ಮ ಮನೆಗಳಲ್ಲಿಯೇ ಇರುವರು. ಒಂದನೆಯ ಬಗೆಯ ಮಧುಮೇಹವುಳ್ಳ ಮಕ್ಕಳ ವಿಷಯವನ್ನು ಹೇಳುತ್ತಿರುವೆನು.

ಇದು ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆಯಲ್ಲ. ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುವುದರಿಂದ ಬರತಕ್ಕದ್ದು. ಮಗು ಸಿಹಿ ತಿಂದುದು ಇದಕ್ಕೆ ಕಾರಣವಲ್ಲ. ತಾಯಿಯ ತಪ್ಪೂ ಅಲ್ಲ. ಪೂರ್ವಕರ್ಮವೆಂದು ನಿಟ್ಟುಸಿರಿಡುವವರಿಗೆ ನಾನು ಉತ್ತರ ಕೊಡಹೋಗುವುದಿಲ್ಲ. 1921ರಲ್ಲಿ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರ ಪರಿಶ್ರಮದಿಂದ ಇನ್ಸುಲಿನ್ ದೊರೆಯಿತು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಒಬ್ಬ ಬಾಲಕ. ಅದಕ್ಕೆ ಮುಂಚೆ ಇಂತಹ ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ ಕೆಲವು ಕಾಲ ಉಳಿಸಿಕೊಳ್ಳುವುದಲ್ಲದೆ ವೈದ್ಯರಿಗೆ ಬೇರೆ ಉಪಾಯವಿರಲಿಲ್ಲ.

ಇನ್ಸುಲಿನ್ ಜೀವದಾನ ಮಾಡಿತು. ಜೊತೆಗೆ ಒಂದು ಹೊಣೆಯನ್ನೂ ತಂದಿತು. ಅದು ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಏರುವುದು; ಹೆಚ್ಚಾದರೆ ಅಥವಾ ಊಟ ತಡವಾದರೆ ಸಕ್ಕರೆ ಇಳಿದು ಮಗು ಬೆವರುವುದು, ನಡುಗುವುದು, ಪ್ರಜ್ಞೆ ತಪ್ಪಲೂಬಹುದು. ಆದುದರಿಂದ ದಿನಕ್ಕೆ ಹಲವು ಸಲ ಬೆರಳನ್ನು ಚುಚ್ಚಿ ರಕ್ತವನ್ನು ನೋಡಬೇಕಾಯಿತು. ಈಗ ಎಡೆಬಿಡದೆ ನೋಡುವ ಸಾಧನಗಳು ಬಂದಿವೆ. ಅಮೆರಿಕದಲ್ಲಿ ಇಂತಹ ಮೊದಲನೆಯದಕ್ಕೆ 1999ರಲ್ಲಿ ಅನುಮತಿ ದೊರೆಯಿತು. ನಾಣ್ಯದಷ್ಟಗಲದ ಬಿಲ್ಲೆಯೊಂದು ತೋಳಿಗೆ ಅಂಟಿಕೊಂಡಿರುವುದು. ಅದರ ಕೂದಲಿನಂತಹ ಎಳೆಯು ಚರ್ಮದ ಕೆಳಗಿದ್ದು, ಕೆಲವು ನಿಮಿಷಗಳಿಗೊಮ್ಮೆ ಸಕ್ಕರೆಯನ್ನು ಅಳೆದು ಫೋನಿಗೆ ತಿಳಿಸುವುದು. ಅಂಕಿ 70ಕ್ಕಿಂತ ಕೆಳಗಿಳಿದರೆ ಗಂಟೆ ಬಾರಿಸುವುದು. ಹತ್ತು ಹದಿನೈದು ದಿನಗಳಿಗೊಮ್ಮೆ ಹೊಸ ಬಿಲ್ಲೆಯನ್ನು ಹಾಕಬೇಕು. ಅದರ ಬೆಲೆ ಕೂಲಿಯ ಮೇಲೆ ನಡೆಯುವ ಮನೆಗೆ ನಿಲುಕತಕ್ಕದ್ದಲ್ಲ. ದಾಸೋಹಕ್ಕೆ ಅಕ್ಕಿಯ ಮೂಟೆಯನ್ನು ಕಳುಹಿಸುವ ಭಕ್ತರು ಇದನ್ನೂ ದಾಸೋಹವೆಂದು ಬಗೆಯಬಾರದೇಕೆ?

ಕಳೆದ ಶ್ರಾವಣದಲ್ಲಿ ಒಂದು ಪ್ರಸಾದದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಒಬ್ಬ ತಾಯಿ, ಒಂಬತ್ತು ವರ್ಷದ ಮಗಳು ಕುಳಿತಿದ್ದರು. ಊಟ ಬಡಿಸುವ ಹೊತ್ತಾಯಿತೆಂದು ತಾಯಿ ಇನ್ಸುಲಿನ್ ಚುಚ್ಚಿದಳು. ಅಷ್ಟರಲ್ಲಿ ಸನ್ಮಾನ, ಭಾಷಣಗಳು ಬೆಳೆದವು. ಫೋನು ಕೂಗಿತು. ಹುಡುಗಿಯ ಮುಖ ಬೆವತಿತ್ತು. ತಾಯಿ ಸೆರಗಿನ ಮರೆಯಲ್ಲಿ ಸಕ್ಕರೆಯನ್ನು ಅವಳ ಬಾಯಿಗೆ ಹಾಕಿದಳು. ಎದುರು ಸಾಲಿನ ಹಿರಿಯರೊಬ್ಬರು, “ಬುದ್ಧಿಯವರು ಇನ್ನಾ ತುತ್ತು ಎತ್ತಿಲ್ಲ, ಏನವ್ವಾ ಇದು?” ಎಂದರು. ತಾಯಿ ತಲೆ ತಗ್ಗಿಸಿದಳು. ಆ ಮಗುವಿನ ಕಾಯಿಲೆ ಏನೆಂದು ಬಲ್ಲ ನಾನೂ ಬಾಯಿ ತೆರೆಯಲಿಲ್ಲ. ಇದನ್ನು ಬರೆಯಲು ಆ ಮೌನವೇ ಕಾರಣ.

ಪಂಕ್ತಿಯ ಕ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ಗುರುವಿಗಿಂತ ಮುಂಚೆ ಉಣ್ಣದಿರುವುದರಲ್ಲಿ, ಎಲೆಯಲ್ಲಿ ಅಗುಳನ್ನೂ ಬಿಡದಿರುವುದರಲ್ಲಿ ನಾಲಗೆಯನ್ನು ಪಳಗಿಸುವ ಅರ್ಥವಿದೆ. ಆದರೆ ಕ್ರಮವಿರುವುದು ಅವಧಾನವನ್ನು ಕಲಿಸುವುದಕ್ಕೆ. ಆ ದಿನ ಪಂಕ್ತಿಯಲ್ಲಿ ನಿಜವಾಗಿ ಅವಧಾನವಿದ್ದವರು ಯಾರು? ಎಲೆಯ ಮುಂದೆ ಹರಟುತ್ತಿದ್ದ ನಾವೋ, ಎಷ್ಟು ಅನ್ನಕ್ಕೆ ಎಷ್ಟು ಔಷಧವೆಂದು ಎಣಿಸಿ ಕುಳಿತಿದ್ದ ಆ ತಾಯಿಯೋ? ಲಿಂಗವನ್ನು ಧರಿಸಿದ ದೇಹವನ್ನು ಉಳಿಸಲು ಕೊಟ್ಟ ಒಂದು ಚಮಚ ಸಕ್ಕರೆ ಪ್ರಸಾದವಲ್ಲವಾದರೆ, ನಾವು ಆಮೇಲೆ ಉಂಡ ಹೋಳಿಗೆಯನ್ನು ಏನೆಂದು ಕರೆಯಬೇಕು? ಹಾಗೆಯೇ, ಪ್ರಸಾದವೆಂದ ಮೇಲೆ ಏನೂ ಆಗುವುದಿಲ್ಲವೆಂದು ಇಂತಹ ಮಗುವಿಗೆ ಲೆಕ್ಕವಿಲ್ಲದೆ ಪಾಯಸ ಬಡಿಸುವುದು ಭಕ್ತಿಯಲ್ಲ. ಅದು ನಮ್ಮ ಅಜಾಗ್ರತೆಯ ಹೊರೆಯನ್ನು ಪ್ರಸಾದದ ಮೇಲೆ ಹೊರಿಸುವುದು.

ಮನಸ್ಸು ತಡೆಯದೆ ಮರುವಾರ ನಾನು ಅವರ ಮನೆಗೆ ಹೋದೆನು. ಅಲ್ಲಿ ಇನ್ನೊಂದು ಪ್ರಶ್ನೆ ನನಗೆ ಎದುರಾಯಿತು. ತಾಯಿ ಮಾತನಾಡುತ್ತಿದ್ದರೂ ಕಣ್ಣು ಫೋನಿನ ಮೇಲೆಯೇ ಇತ್ತು. ರಾತ್ರಿ ನಾಲ್ಕಾರು ಬಾರಿ ಎದ್ದು ನೋಡುವಳಂತೆ. ಒಮ್ಮೆ ನಡುರಾತ್ರಿ ಗಂಟೆಯಾಗಲು ಮಗುವನ್ನು ಎಬ್ಬಿಸಿ ಸಕ್ಕರೆ ನೀರು ಕುಡಿಸಲು ಹೊರಟಳು; ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು. ಮಗು ಆ ತೋಳಿನ ಮೇಲೆ ಒರಗಿ ಮಲಗಿದ್ದುದರಿಂದ ಬಿಲ್ಲೆ ಅದುಮಿ ತಪ್ಪು ಅಂಕಿ ತೋರಿತ್ತು. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಣ ದ್ರವವನ್ನು. ಸಕ್ಕರೆ ವೇಗವಾಗಿ ಏರಿಳಿಯುವಾಗ ಕೆಲವು ನಿಮಿಷ ಹಿಂದೆ ಬೀಳುವುದೂ ಉಂಟು.

ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸುವುದಕ್ಕೂ ಅಂಗೈಯ ಫೋನಿನಲ್ಲಿ ದೃಷ್ಟಿ ನಿಲ್ಲಿಸುವುದಕ್ಕೂ ಹೋಲಿಕೆ ಕಟ್ಟುವವರಿದ್ದಾರೆ. ನನಗೆ ಅದು ಸೇರದು. ಲಿಂಗವನ್ನು ನೋಡನೋಡುತ್ತ ಮನಸ್ಸು ನೆಲೆಗೊಳ್ಳುವುದು. ಅಂಕಿಯನ್ನು ನೋಡನೋಡುತ್ತ ಆ ತಾಯಿಯ ಮನಸ್ಸು ಚೂರುಚೂರಾಗುತ್ತಿತ್ತು. 180 ದಾಟಿದರೆ “ಏನು ತಿಂದಿ?” ಎಂಬ ವಿಚಾರಣೆ, ಮಗು ಕಳ್ಳಿಯಂತೆ ನಿಲ್ಲುವುದು. ಹಗಲಿರುಳಿನಲ್ಲಿ ನೂರಕ್ಕೆ 70 ಪಾಲು ಹೊತ್ತು ಅಂಕಿ 70ರಿಂದ 180ರೊಳಗೆ ಇರಲೆಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟಿರುವ ಗುರಿ. ಪೂರ್ತಿ ನೂರನ್ನು ಅವರೇ ಕೇಳದಿರುವಾಗ ತಾಯಿತಂದೆಗಳು ಕೇಳುವುದೇಕೆ? ಅವಧಾನವು ಮಗುವನ್ನು ಕಾಯುವುದು. ಆತಂಕವು ಮಗುವನ್ನು ಸದಾ ಆಪಾದಿತೆಯನ್ನಾಗಿ ಮಾಡುವುದು. ಇದನ್ನು ಹೇಳುವುದು ಸುಲಭ. ನಡುರಾತ್ರಿ ಎದ್ದವಳಿಗೆ ಗೊತ್ತು ಅದರ ಕಷ್ಟ. ಆದುದರಿಂದ ನಾನು ಆಕೆಗೆ ಉಪದೇಶ ಮಾಡಲಿಲ್ಲ.

ಮಾಡಿದವಳು ಮಗಳು. ಆಟದಿಂದ ಒಳಬಂದವಳ ಕಡೆ ತಿರುಗದೆ ತಾಯಿ ಫೋನು ನೋಡಿದಳು. “ಯವ್ವಾ, ಮೊದ್ಲ ನನ್ನ ಮಾರಿ ನೋಡು, ಆಮ್ಯಾಲೆ ಅದನ್ನ ನೋಡು” ಎಂದಳು ಹುಡುಗಿ. ಬಳಿಕ ತಾನೇ ಫೋನನ್ನು ತೆಗೆದುಕೊಂಡು, “ನೂರಾ ಹತ್ತೈತಿ, ಬಾಣ ಕೆಳಗ ಹೊಂಟೈತಿ, ಒಂದು ಬಾಳಿಹಣ್ಣು ತಿಂತೀನಿ” ಎಂದು ಹೇಳಿ, ಹಣ್ಣು ಸುಲಿಯುತ್ತ ನನ್ನ ಹತ್ತಿರ ಬಂದಳು.

“ಅಜ್ಜಾರ, ಮುಂದಿನ ಸಲ ಪ್ರಸಾದ ಯಾವಾಗ ಬಡಸ್ತಾರಂತ ಮೊದ್ಲ ಕೇಳಿ ಹೇಳ್ತೀರೇನ್ರಿ?”

ಕೇಳಿ ಹೇಳುವೆನೆಂದೆನು.